ಟಿವಿಯಲ್ಲಿ ಚೆಂಡು ಕಾಣುತ್ತೆ, ಆಟ ಕಾಣಲ್ಲ

ಹೋದ ಬೇಸಿಗೆಯ ಒಂದು ಸಂಜೆಯಿಂದ ಶುರು ಮಾಡ್ತೀನಿ. ನಮ್ಮ ಡೆ ಮೊಯಿನ್‌ನ ಪ್ರಿನ್ಸಿಪಲ್ ಪಾರ್ಕ್‌ಗೆ ಮಗನ್ನ ಕರ್ಕೊಂಡು ಹೋಗಿದ್ದೆ, ಅಯೋವಾ ಕಬ್ಸ್ ಅನ್ನೋ ಸಣ್ಣ ಲೀಗ್ ತಂಡದ ಬೇಸ್‌ಬಾಲ್ ಆಟಕ್ಕೆ. ಹೋಮ್ ಪ್ಲೇಟ್, ಅಂದ್ರೆ ಬ್ಯಾಟರ್ ನಿಲ್ಲೋ ಜಾಗದ ಹಿಂದೆ ಮೇಲಿನ ಸಾಲಲ್ಲಿ ಸೀಟು, ಎದುರಿಗೆ ಸೆಂಟರ್ ಫೀಲ್ಡ್ ಆಚೆ ನಮ್ಮ ಅಯೋವಾ ರಾಜ್ಯದ ಶಾಸನಸಭೆ ಕಟ್ಟಡ ಕ್ಯಾಪಿಟಲ್‌ನ ಚಿನ್ನದ ಗುಮ್ಮಟ, ಅದರ ಮೇಲೆ ಸಂಜೆ ಬಿಸಿಲು. ಏಳನೇ ಇನ್ನಿಂಗ್ಸ್‌ನಲ್ಲಿ ಫಸ್ಟ್ ಬೇಸಲ್ಲಿ ಒಬ್ಬ ರನ್ನರ್ ಇದ್ದ, ಅವನು ಸೆಕೆಂಡ್, ಥರ್ಡ್ ಬೇಸ್ ದಾಟಿ ಹೋಮ್ ಪ್ಲೇಟ್ ಮುಟ್ಟಿದ್ರೆ ಒಂದು ರನ್, ಬ್ಯಾಟರ್ ಚೆಂಡನ್ನ ರೈಟ್ ಫೀಲ್ಡ್ ಮತ್ತೆ ಸೆಂಟರ್ ಫೀಲ್ಡ್ ಮಧ್ಯದ ಖಾಲಿ ಜಾಗಕ್ಕೆ ಹೊಡೆದ. ನಾನು ಚೆಂಡು ನೋಡ್ತಾ ಇದ್ದೆ, ಮಗ ನನ್ನ ತೋಳು ಹಿಡಿದು ಜಗ್ಗಿ "ಅಪ್ಪಾ, ಕೋಚ್ ನೋಡು, ಕೋಚ್ ನೋಡು" ಅಂದ. ಥರ್ಡ್ ಬೇಸ್ ಹತ್ರ ಕೋಚ್ ಗಾಳಿಯಂತ್ರದ ಥರ ಕೈ ತಿರುಗಿಸ್ತಾ ಇದ್ದ, ನಿಲ್ಬೇಡ ಓಡು ಅಂತ. ಆಗ ನಾನು ಚೆಂಡು ಬಿಟ್ಟು ಇಡೀ ಮೈದಾನ ನೋಡ್ದೆ. ಔಟ್‌ಫೀಲ್ಡರ್ ನಮಗೆ ಬೆನ್ನು ಹಾಕಿ ಗೋಡೆ ಕಡೆ ಓಡ್ತಿದ್ದಾನೆ, ಸೆಕೆಂಡ್ ಬೇಸ್‌ಮನ್ ಹುಲ್ಲಿನೊಳಗೆ ದೂರ ಹೋಗಿ ಎರಡೂ ಕೈ ಎತ್ತಿ ನಿಂತಿದ್ದಾನೆ, ಅವನಿಗೆ ಎಸೆತ ತಪ್ಪಿದ್ರೆ ಅಂತ ಶಾರ್ಟ್‌ಸ್ಟಾಪ್ ಅವನ ಹಿಂದೆ ಹದಿನೈದಿಪ್ಪತ್ತು ಹೆಜ್ಜೆ ಬಿಟ್ಟು ನಿಂತಿದ್ದಾನೆ, ಬ್ಯಾಟರ್‌ಗೆ ಚೆಂಡು ಎಸೆಯೋ ಪಿಚರ್ ತನ್ನ ಜಾಗ ಬಿಟ್ಟು ಹೋಮ್ ಪ್ಲೇಟ್ ಹಿಂದಕ್ಕೆ ಓಡಿ ಬರ್ತಿದ್ದಾನೆ, ರನ್ನರ್ ಸೆಕೆಂಡ್ ದಾಟಿ ತಲೆ ಎತ್ತಿ ಕೋಚ್ ಮುಖ ನೋಡ್ತಿದ್ದಾನೆ. ಹತ್ತು ಸೆಕೆಂಡ್ ಅಷ್ಟೇ. ಯಾರೂ ಕೂಗಿ ಹೇಳ್ತಿಲ್ಲ, ಎಲ್ಲರಿಗೂ ತಾನು ಎಲ್ಲಿರಬೇಕು ಅಂತ ಗೊತ್ತು. ನನಗೆ ಮೈ ಜುಮ್ ಅಂತು.

ಮರುದಿನ ಮನೆಯಲ್ಲಿ ಟಿವಿಲಿ ದೊಡ್ಡ ಲೀಗ್‌ನ, ಅಂದ್ರೆ ಮೇಜರ್ ಲೀಗ್‌ನ ಒಂದು ಆಟ ನೋಡ್ತಿದ್ವಿ, ಹೆಚ್ಚುಕಮ್ಮಿ ಅದೇ ಥರದ ಹೊಡೆತ ಬಂತು. ನಮಗೆ ಕಂಡಿದ್ದು ಏನು ಹೇಳಿ? ಗಾಳಿಯಲ್ಲಿ ಚೆಂಡು, ಆಮೇಲೆ ಗೋಡೆ, ಆಮೇಲೆ ಚೆಂಡು ಎತ್ತಿಕೊಳ್ತಿರೋ ಫೀಲ್ಡರ್, ಅವನ ತೋಳು, ಟಕ್ ಅಂತ ಶಾಟ್ ಬದಲಾಗಿ ಹೋಮ್ ಪ್ಲೇಟ್‌ನಲ್ಲಿ ಧೂಳು, ಅಂಪೈರ್ ಕೈ ಅಗಲಿಸಿ ಸೇಫ್ ಅಂದ. ಮಗ ಕೇಳ್ದ, "ಇವನು ಥರ್ಡ್ ಯಾವಾಗ ದಾಟಿದ?" ನನ್ನ ಹತ್ರ ಉತ್ತರ ಇರಲಿಲ್ಲ, ಯಾಕಂದ್ರೆ ನಾನೂ ನೋಡಿರಲಿಲ್ಲ, ಅಮೆರಿಕದಲ್ಲಿ ಆ ಆಟವನ್ನ ಟಿವಿಲಿ ನೋಡ್ತಿದ್ದ ಯಾರೂ ನೋಡಿರಲಿಲ್ಲ. ಆ ಪ್ರಶ್ನೆನೇ ಇವತ್ತಿನ ನನ್ನ ಮಾತು.

ಇಲ್ಲಿ ಕೂತಿರೋರಲ್ಲಿ ಬಹುಪಾಲು ಜನ ಕ್ರಿಕೆಟ್ ನೋಡಿ ಬೆಳೆದೋರು, ಹಾಗಾಗಿ ಒಂದು ಹೋಲಿಕೆ ಕೊಡ್ತೀನಿ. ಕ್ರಿಕೆಟ್‌ನಲ್ಲಿ ಓಡೋರು ಇಬ್ಬರೇ, ಅದೂ ಒಂದೇ ಗೆರೆ ಮೇಲೆ ಆಚೆ ಈಚೆ. ಕ್ಯಾಮೆರಾ ಚೆಂಡಿನ ಹಿಂದೆ ಹೋದ್ರೂ ಬ್ಯಾಟ್ಸ್‌ಮನ್‌ಗಳು ಎಲ್ಲಿದ್ದಾರೆ ಅಂತ ಅಂದಾಜು ಮಾಡ್ಬಹುದು. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಸೇರಿ ನಾಲ್ಕು ಜನ ಒಟ್ಟಿಗೆ ಓಡ್ತಿರಬಹುದು, ನಾಲ್ಕು ಕಡೆ, 90 ಅಡಿಗೊಂದು ಬೇಸ್. ಒಬ್ಬ ಓಡ್ಬೇಕೋ ನಿಲ್ಬೇಕೋ ಅನ್ನೋದು ಉಳಿದವರು ಎಲ್ಲಿದ್ದಾರೆ ಅನ್ನೋದರ ಮೇಲೆ. ಅಂದ್ರೆ ಚೆಂಡಿನಿಂದ ದೂರ ಇರೋ ಜನಾನೇ ಅರ್ಧ ಆಟ ಆಡ್ತಿರೋದು. ಅದನ್ನ ಬಿಟ್ಟು ಚೆಂಡೊಂದನ್ನೇ ತೋರಿಸಿದ್ರೆ ಮದುವೆಗೆ ಹೋಗಿ ಬರೀ ತಾಳಿ ನೋಡಿ ಬಂದ ಹಾಗೆ.

ಇದು ಹೀಗೆ ಹೇಗಾಯ್ತು ಅಂತ ಸ್ವಲ್ಪ ಹಿಂದಕ್ಕೆ ಹೋಗೋಣ. ದೊಡ್ಡ ಲೀಗ್‌ನ ಆಟ ಮೊದಲು ಟಿವಿಲಿ ಬಂದಿದ್ದು 1939ರ ಆಗಸ್ಟ್ 26ಕ್ಕೆ, ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಿಂದ, ಸಿನ್ಸಿನಾಟಿ ರೆಡ್ಸ್ ವಿರುದ್ಧ ಡಾಡ್ಜರ್ಸ್. ಎರಡೇ ಕ್ಯಾಮೆರಾ. ಕಾಮೆಂಟರಿ ಹೇಳಿದ್ದು ರೆಡ್ ಬಾರ್ಬರ್, ಅವರ ಮುಂದೆ ಮಾನಿಟರೇ ಇರಲಿಲ್ಲ, ಯಾವ ಕ್ಯಾಮೆರಾ ಓಡ್ತಿದೆ ಅಂತ ಊಹೆ ಮಾಡ್ಕೊಂಡು ಮಾತಾಡ್ಬೇಕಿತ್ತು. ಜಾಹೀರಾತೂ ಅವರೇ ಅಲ್ಲೇ ಲೈವ್ ಮಾಡಿದ್ರು, ಸೋಪ್ ಕೈಲಿ ಹಿಡಿದು ತೋರಿಸಿದ್ರು, ಪೆಟ್ರೋಲ್ ಬಂಕ್‌ನವರ ಟೋಪಿ ಹಾಕ್ಕೊಂಡ್ರು, ಬಟ್ಟಲಿಗೆ ಸೀರಿಯಲ್ ಸುರಿದು ಬಾಳೆಹಣ್ಣು ಹೆಚ್ಚಿ ಹಾಕಿದ್ರು. ಹಾಗಾಗಿ ಜಾಹೀರಾತು ಹೊಸದಲ್ಲ, ಅದರ ಮೇಲೆ ನನಗೆ ದೊಡ್ಡ ಕೋಪನೂ ಇಲ್ಲ, ದುಡ್ಡು ಎಲ್ಲಿಂದಾದ್ರೂ ಬರ್ಬೇಕಲ್ಲ. ಒಂಬತ್ತು ಇನ್ನಿಂಗ್ಸ್ ಅಂದ್ರೆ 18 ಅರ್ಧಗಳು, ಮಧ್ಯೆ 17 ಬಿಡುವು, ಒಂದೊಂದಕ್ಕೆ ಸುಮಾರು 2 ನಿಮಿಷ, ಅರ್ಧ ಗಂಟೆ ಮೇಲೆ ಆಯ್ತು. ತಗೊಳ್ಳಲಿ. ಆದ್ರೆ ಜಾಹೀರಾತು ಮುಗಿಸಿ ವಾಪಸ್ ಬರೋವಷ್ಟರಲ್ಲಿ ಮೊದಲ ಪಿಚ್, ಅಂದ್ರೆ ಪಿಚರ್‌ನ ಎಸೆತ, ಆಗಿಹೋಗಿರುತ್ತೆ ನೋಡಿ, ಅದು ತಪ್ಪು. ಆಟ ನಡೀತಿರುವಾಗ್ಲೇ ಪರದೆ ಎರಡು ಭಾಗ ಮಾಡಿ ದೊಡ್ಡ ಭಾಗ ಕಾರ್ ಜಾಹೀರಾತಿಗೆ, ಚಿಕ್ಕ ಭಾಗ ಆಟಕ್ಕೆ ಕೊಡೋದು, ಅದೂ ತಪ್ಪು.

ಈಗ ನೀವು ಟಿವಿಲಿ ನೋಡೋ ಮುಖ್ಯ ಕೋನ ಇದೆಯಲ್ಲ, ಸೆಂಟರ್ ಫೀಲ್ಡ್‌ನಿಂದ ಪಿಚರ್ ಬೆನ್ನ ಹಿಂದಿನಿಂದ ನೋಡೋದು, ಅದು ನಿಧಾನಕ್ಕೆ 50ರ ದಶಕದಲ್ಲಿ ಬಂದಿದ್ದು. ಎನ್‌ಬಿಸಿಯ ಡೈರೆಕ್ಟರ್ ಹ್ಯಾರಿ ಕಾಯ್ಲ್ ಅಂತ ಇದ್ರು, ಬೇಸ್‌ಬಾಲ್ ಅನ್ನ ಟಿವಿಲಿ ಹೇಗೆ ತೋರಿಸ್ಬೇಕು ಅನ್ನೋ ವ್ಯಾಕರಣದಲ್ಲಿ ತುಂಬಾ ಭಾಗ ಅವರದ್ದೇ. ಪಿಚ್ ನೋಡಕ್ಕೆ ಆ ಕೋನ ಒಳ್ಳೇದೇ. ಆದ್ರೆ ನಾನೂರು ಅಡಿ ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆದಾಗ ದೂರ ಎಲ್ಲ ಕುಗ್ಗಿ ಹೋಗುತ್ತೆ. ಪಿಚರ್‌ಗೂ ಬ್ಯಾಟರ್‌ಗೂ ಮಧ್ಯೆ 60 ಅಡಿ 6 ಇಂಚು ಇದೆ, ನಮ್ಮ ಕ್ರಿಕೆಟ್ ಪಿಚ್‌ಗಿಂತ ಒಂದು ಚೂರು ಕಮ್ಮಿ, ಟಿವಿಲಿ ಅದು ಹಜಾರದಷ್ಟು ಕಾಣುತ್ತೆ. ಅದೂ ಅಲ್ದೆ ಎಷ್ಟೋ ಸ್ಟೇಡಿಯಂಗಳಲ್ಲಿ ಕ್ಯಾಮೆರಾ ನೇರ ನಡುವೆ ಇರಲ್ಲ, ಪಿಚರ್ ಅಡ್ಡ ಬರ್ತಾನೆ ಅಂತ ಪಕ್ಕಕ್ಕೆ ಸರಿಸಿರ್ತಾರೆ. ಓರೆಯಿಂದ ನೋಡಿದ್ರೆ ಚೆಂಡು ಪ್ಲೇಟ್ ಮೇಲೆ ಹೋಯ್ತೋ ಪಕ್ಕ ಹೋಯ್ತೋ ಅಂತ ಕಣ್ಣಿಗೆ ಮೋಸ. ಅದಕ್ಕೆ ಪರಿಹಾರ ಅಂತ ಒಂದು ಚೌಕ ಬರೆದ್ರು, ಸ್ಟ್ರೈಕ್ ಝೋನ್‌ದು, ಬ್ಯಾಟರ್ ಹೊಡೀದಿದ್ರೂ ಸರಿಯಾದ ಎಸೆತ ಅಂತ ಲೆಕ್ಕ ಆಗೋ ಜಾಗ ಅದು. ಇಎಸ್‌ಪಿಎನ್ 2001ರಲ್ಲಿ ತಂದಿದ್ದು ಮೊದಲು ರೀಪ್ಲೇಗೆ ಮಾತ್ರ ಇತ್ತು, 2015ರಿಂದ ಪ್ರತಿ ಪಿಚ್‌ಗೂ. ಈಗ ಎಲ್ಲ ಕಡೆ ಇದೆ. ಸ್ಟ್ರೈಕ್ ಝೋನ್ ಅನ್ನೋದು 17 ಇಂಚು ಅಗಲದ ಪ್ಲೇಟ್ ಮೇಲೆ ನಿಂತಿರೋ ಒಂದು ಕಂಬ ಇದ್ದ ಹಾಗೆ, ಅದಕ್ಕೆ ಆಳ ಇದೆ, ಇವರು ಬರೆಯೋದು ಕಿಟಕಿ. ಅದು ಹೋಗ್ಲಿ ಅಂದ್ರೂ ನಮ್ಮ ಕಣ್ಣಿಗೆ ಏನು ಅಭ್ಯಾಸ ಆಯ್ತು ಅಂದ್ರೆ, ಪಿಚ್ ಬಂದಾಗ ಬ್ಯಾಟರ್ ಮೊಣಕಾಲು ಹೇಗೆ ಸಡಿಲ ಆಯ್ತು, ಕ್ಯಾಚರ್ ಗ್ಲೌಸ್ ಎಲ್ಲಿ ಇಟ್ಟಿದ್ದ ಎಲ್ಲಿ ಹಿಡಿದ, ಇದ್ಯಾವುದೂ ನೋಡಲ್ಲ, ಚೌಕದೊಳಗೆ ಚುಕ್ಕಿ ಎಲ್ಲಿ ಬಿತ್ತು ಅಂತ ಮಾತ್ರ ನೋಡ್ತೀವಿ. ನನ್ನ ಮಗನೂ ಹಾಗೇ ನೋಡ್ತಾನೆ, ನನಗೆ ಹೊಟ್ಟೆ ಉರಿಯುತ್ತೆ.

ಇನ್ನು ಎರಡು ಪಿಚ್ ಮಧ್ಯೆ. ಇದರ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ನನ್ನ ಪ್ರಕಾರ ರೋಗ ಇರೋದು ಇಲ್ಲೇ. ಪಿಚ್ ಆದ ಕೂಡ್ಲೇ ಪಿಚರ್ ಮೂಗು, ಆಮೇಲೆ ಬ್ಯಾಟರ್ ಗ್ಲೌಸ್ ಕಟ್ಕೊಳ್ಳೋದು, ತಂಡದವರು ಕೂರೋ ಡಗೌಟ್‌ನಲ್ಲಿ ಮ್ಯಾನೇಜರ್ ಮುಖ, ಗ್ಯಾಲರಿಲಿ ಐಸ್‌ಕ್ರೀಮ್ ತಿನ್ನೋ ಮಗು, ಮತ್ತೆ ಪಿಚರ್ ಕಣ್ಣು, ಪಿಚ್. ಈ ಅಭ್ಯಾಸಕ್ಕೆ ಒಂದು ಹುಟ್ಟುಕಥೆ ಇದೆ. 1975ರ ವರ್ಲ್ಡ್ ಸೀರೀಸ್, ಅಂದ್ರೆ ದೊಡ್ಡ ಲೀಗ್‌ನ ಫೈನಲ್ ಸರಣಿಯ ಆರನೇ ಆಟ, ಬಾಸ್ಟನ್‌ನ ಫೆನ್‌ವೇ ಪಾರ್ಕ್, ಹನ್ನೆರಡನೇ ಇನ್ನಿಂಗ್ಸ್, ಕಾರ್ಲ್‌ಟನ್ ಫಿಸ್ಕ್ ಹೊಡೆದ ಚೆಂಡು ಲೆಫ್ಟ್ ಫೀಲ್ಡ್‌ನ ಫೌಲ್ ಕಂಬದ ಕಡೆ ಹೋಗ್ತಿದೆ, ಒಳಗೋ ಹೊರಗೋ ಗೊತ್ತಿಲ್ಲ, ಫಿಸ್ಕ್ ಓಡೋದು ಬಿಟ್ಟು ಎರಡೂ ಕೈಲಿ ಗಾಳಿನ ತಳ್ಳಿ ತಳ್ಳಿ ಒಳಗೆ ಹೋಗು ಒಳಗೆ ಹೋಗು ಅಂತ ಕುಣೀತಿದ್ದಾನೆ. ಆ ಕ್ಯಾಮೆರಾ ಸ್ಕೋರ್‌ಬೋರ್ಡ್ ಒಳಗೆ ಇತ್ತು. ಹತ್ತಿರದಲ್ಲೇ ಒಂದು ಹೆಗ್ಗಣ ಬಂದಿತ್ತಂತೆ, ಕ್ಯಾಮೆರಾಮನ್ ಅದಕ್ಕೆ ಹೆದರಿ ಕ್ಯಾಮೆರಾ ತಿರುಗಿಸಕ್ಕಾಗದೆ ಫಿಸ್ಕ್ ಮೇಲೇ ಬಿಟ್ಟ ಅಂತ ಕಥೆ ಹೇಳ್ತಾರೆ. ಆ ಶಾಟ್ ನೋಡಿದ್ರೆ ನನಗೆ ಇವತ್ತೂ ಕಣ್ಣಲ್ಲಿ ನೀರು ಬರುತ್ತೆ, ಅದಕ್ಕಿಂತ ಒಳ್ಳೆ ಕ್ರೀಡಾ ಚಿತ್ರ ನಾನು ನೋಡಿಲ್ಲ. ಆದ್ರೆ ಆಮೇಲೆ ಎಲ್ಲರೂ ಆಟಗಾರನ ಮುಖದ ಹಿಂದೆ ಬಿದ್ರು. ಸೀರೀಸ್‌ನ ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಸಿಕ್ಕ ಒಂದು ಮುಖಕ್ಕೂ ಜೂನ್ ತಿಂಗಳ ಒಂದು ಮಂಗಳವಾರ ಎರಡನೇ ಇನ್ನಿಂಗ್ಸ್‌ನ ಮುಖಕ್ಕೂ ವ್ಯತ್ಯಾಸ ಇಲ್ವಾ?

ಆ ಮುಖಗಳು ಬರ್ತಿರೋ ಹೊತ್ತಲ್ಲಿ ಮೈದಾನದಲ್ಲಿ ಏನಾಗ್ತಿದೆ? ಫಸ್ಟ್ ಬೇಸ್ ರನ್ನರ್ ಒಂದೊಂದೇ ಹೆಜ್ಜೆ ಸರೀತಿದ್ದಾನೆ. 2023ರಲ್ಲಿ ರೂಲ್ಸ್ ಬದಲಾಯ್ತು, ನಿಮಗೆ ಗೊತ್ತಿರುತ್ತೆ, ಪಿಚರ್ ಇಷ್ಟು ಸೆಕೆಂಡ್ ಒಳಗೆ ಎಸೀಬೇಕು ಅನ್ನೋ ಪಿಚ್ ಕ್ಲಾಕ್ ಬಂತು, ಬೇಸ್ 15 ಇಂಚಿಂದ 18 ಇಂಚು ಆಯ್ತು, ಪಿಚರ್ ರನ್ನರ್ ಕಡೆ ತಿರುಗಿ ಎಸೆಯೋದಕ್ಕೆ ಲೆಕ್ಕ ಬಂತು. ಅದರ ಹಿಂದಿನ ವರ್ಷ ಇಡೀ ಲೀಗ್‌ನಲ್ಲಿ ಕದ್ದ ಬೇಸ್‌ಗಳು, ಅಂದ್ರೆ ಹೊಡೆತಕ್ಕೆ ಕಾಯದೆ ರನ್ನರ್ ಓಡಿ ಹಿಡಿದ ಬೇಸ್‌ಗಳು, 2,486, ಆ ವರ್ಷ 3,503. ಒಂದೇ ವರ್ಷದಲ್ಲಿ ಸಾವಿರ ಜಾಸ್ತಿ. ಅಂದ್ರೆ ರನ್ನರ್ ಎಷ್ಟು ದೂರ ಬಿಟ್ಟು ನಿಂತಿದ್ದಾನೆ, ಪಿಚರ್ ಎಷ್ಟು ಸಲ ತಿರುಗಿ ನೋಡಿದ, ಗಡಿಯಾರದಲ್ಲಿ ಎಷ್ಟು ಸೆಕೆಂಡ್ ಉಳಿದಿದೆ, ಇದೇ ಈಗ ಆಟದ ಜೀವ. ಅದೇ ವರ್ಷ ಜುಲೈ 8ಕ್ಕೆ ಮಿಲ್ವಾಕಿಯಲ್ಲಿ ಸಿನ್ಸಿನಾಟಿಯ ಎಲಿ ಡೆ ಲಾ ಕ್ರೂಜ್ ಅನ್ನೋ ಹುಡುಗ ಎರಡು ಪಿಚ್ ಒಳಗೆ ಸೆಕೆಂಡ್, ಥರ್ಡ್, ಹೋಮ್ ಮೂರೂ ಕದ್ದ. ಹೋಮ್ ಕದ್ದಿದ್ದು ಹೇಗೆ ಗೊತ್ತಾ, ಪಿಚರ್ ಚೆಂಡು ವಾಪಸ್ ತಗೊಂಡು ತನ್ನ ಜಾಗಕ್ಕೆ ನಡ್ಕೊಂಡು ಹೋಗ್ತಿದ್ದ, ಅವನು ನೋಡ್ತಿಲ್ಲ ಅಂತ ಗೊತ್ತಾದ ತಕ್ಷಣ ಇವನು ಓಡಿಬಿಟ್ಟ. ಟಿವಿಯವರ ಲೆಕ್ಕದಲ್ಲಿ ಅದು 'ಏನೂ ನಡೆಯದ' ಹೊತ್ತು, ಮುಖ ತೋರಿಸೋ ಹೊತ್ತು. ಆಟ ನಡೆದಿದ್ದೇ ಆಗ.

ಮಾತಿನ ವಿಷಯಕ್ಕೆ ಬರ್ತೀನಿ. 1988ರ ವರ್ಲ್ಡ್ ಸೀರೀಸ್ ಮೊದಲ ಆಟ ಯೂಟ್ಯೂಬಲ್ಲಿ ಸಿಗುತ್ತೆ, ದಯವಿಟ್ಟು ನೋಡಿ. ಲಾಸ್ ಏಂಜಲೀಸ್, ಎನ್‌ಬಿಸಿ, ಮೈಕ್ ಮುಂದೆ ವಿನ್ ಸ್ಕಲಿ. ಡಾಡ್ಜರ್ಸ್‌ನ ಕರ್ಕ್ ಗಿಬ್ಸನ್‌ಗೆ ಎರಡೂ ಕಾಲು ಪೆಟ್ಟಾಗಿ ಆಡೋ ಸ್ಥಿತಿ ಇರಲಿಲ್ಲ. ಕ್ಯಾಮೆರಾ ಡಗೌಟ್ ಉದ್ದಕ್ಕೂ ಹೋಯ್ತು, ಗಿಬ್ಸನ್ ಎಲ್ಲೂ ಕಾಣ್ತಿಲ್ಲ, ಇವತ್ತು ಆಡಲ್ಲ ಅಂತ ಸ್ಕಲಿ ಹೇಳಿದ್ರು. ಒಳಗೆ ಕಾಲಿಗೆ ಐಸ್ ಕಟ್ಕೊಂಡು ಟಿವಿ ನೋಡ್ತಿದ್ದ ಗಿಬ್ಸನ್ ಅದನ್ನ ಕೇಳಿ ಎದ್ದ. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, 4-3 ಹಿಂದೆ, ಕುಂಟ್ಕೊಂಡು ಬಂದು ಚೆಂಡನ್ನ ಗೋಡೆ ಆಚೆಗೆ, ಹೋಮ್ ರನ್ ಹೊಡೆದ, 5-4 ಗೆಲುವು. ಚೆಂಡು ಗ್ಯಾಲರಿಗೆ ಬೀಳುವಾಗ ಅದರ ಹಿಂದೆ ಪಾರ್ಕಿಂಗ್ ಜಾಗದಲ್ಲಿ ಕಾರಿನ ಕೆಂಪು ಬ್ರೇಕ್ ಲೈಟ್ ಕಾಣುತ್ತೆ, ಸೋತೇ ಬಿಟ್ವಿ ಅಂತ ಬೇಗ ಹೊರಟವರದ್ದು. ಅದು ಕಂಡಿದ್ದು ಶಾಟ್ ಅಗಲವಾಗಿ ಇದ್ದಿದ್ದಕ್ಕೆ. ಮತ್ತೆ ಸ್ಕಲಿ ಏನು ಮಾಡಿದ್ರು? ಚೆಂಡು ಹೋಯ್ತು ಅಂತ ಹೇಳಿ ಸುಮ್ಮನಾದ್ರು. ಒಂದು ನಿಮಿಷಕ್ಕೂ ಜಾಸ್ತಿ ಒಂದು ಮಾತೂ ಆಡ್ಲಿಲ್ಲ, ಜನರ ಕೂಗಷ್ಟೇ. ಇವತ್ತಿನ ನ್ಯಾಷನಲ್ ಪ್ರಸಾರದಲ್ಲಿ ಮೂರು ಜನ ಕೂತು ಆ ಒಂದು ನಿಮಿಷದಲ್ಲಿ ಎಷ್ಟು ಮಾತಾಡ್ತಿದ್ರು ಯೋಚ್ನೆ ಮಾಡಿ. ಜೊತೆಗೆ ಫೀಲ್ಡಲ್ಲಿ ನಿಂತ ಆಟಗಾರನ ಕಿವಿಗೆ ಮೈಕ್ ಹಾಕಿ ಪಿಚ್ ಬರ್ತಿರುವಾಗ್ಲೇ ಸಂದರ್ಶನ ಮಾಡೋದು ಬೇರೆ. ಅವನು ಊಟದ ಬಗ್ಗೆ ಹೇಳ್ತಿರ್ತಾನೆ, ಚೆಂಡು ಅವನ ಕಡೆ ಬರ್ತಿರುತ್ತೆ.

ಅದೇ ಸ್ಕಲಿ ಬಗ್ಗೆ ಇನ್ನೊಂದು ಮಾತು ಹೇಳದೆ ಇರಕ್ಕಾಗಲ್ಲ. 1950ರಿಂದ 2016ರವರೆಗೆ 67 ಸೀಸನ್ ಡಾಡ್ಜರ್ಸ್‌ಗೆ ಕಾಮೆಂಟರಿ ಹೇಳಿದ ಮನುಷ್ಯ. ತಂಡ ತನ್ನದೇ ಚಾನೆಲ್ ಮಾಡಿ ಒಂದು ಕೇಬಲ್ ಕಂಪನಿ ಜೊತೆ 25 ವರ್ಷಕ್ಕೆ ಸುಮಾರು 835 ಕೋಟಿ ಡಾಲರ್ ಒಪ್ಪಂದ ಮಾಡ್ಕೊಳ್ತು, 2014ರಲ್ಲಿ ಚಾನೆಲ್ ಶುರುವಾಯ್ತು, ಉಳಿದ ಕೇಬಲ್‌ನವರು ಅಷ್ಟು ದುಡ್ಡು ಕೊಡಲ್ಲ ಅಂದ್ರು, ಲಾಸ್ ಏಂಜಲೀಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳಿಗೆ ಆ ಚಾನೆಲ್ ಬರಲೇ ಇಲ್ಲ. ಸ್ಕಲಿಯವರ ಕೊನೆಯ ಮೂರು ವರ್ಷ, ಅವರ ದನಿ ಕೇಳ್ತಾನೇ ಬೆಳೆದು ಅಜ್ಜ ಅಜ್ಜಿ ಆದೋರಿಗೆ ಎಷ್ಟೋ ಜನಕ್ಕೆ ತಮ್ಮ ಊರಲ್ಲೇ ಟಿವಿಲಿ ಅವರು ಸಿಗಲಿಲ್ಲ. ಕೊನೆಯ ಆರು ಆಟ ಮಾತ್ರ ಕೆಟಿಎಲ್‌ಎ ಅನ್ನೋ ಸ್ಥಳೀಯ ಚಾನೆಲ್‌ನಲ್ಲಿ ಹಾಕಿದ್ರು. ಜಗಳ ಬಗೆಹರಿದಿದ್ದು 2020ಕ್ಕೆ, ಅಷ್ಟೊತ್ತಿಗೆ ಅವರು ನಿವೃತ್ತಿ ಆಗಿ ನಾಲ್ಕು ವರ್ಷ. ಆ ವರ್ಷಗಳನ್ನ ಯಾರು ವಾಪಸ್ ಕೊಡ್ತಾರೆ?

ಇದು ನಮ್ಮ ಅಯೋವಾ ಕಥೆಗೆ ಬಂತು. ಇಲ್ಲಿ ದೊಡ್ಡ ಲೀಗ್‌ನ ಒಂದು ತಂಡನೂ ಇಲ್ಲ, ಆದ್ರೆ ಆರು ತಂಡಗಳು ನಮ್ಮ ರಾಜ್ಯ ತಮ್ಮ ಪ್ರದೇಶ ಅಂತ ಹಕ್ಕು ಹೇಳ್ತಾವೆ: ಶಿಕಾಗೋ ಕಬ್ಸ್, ವೈಟ್ ಸಾಕ್ಸ್, ಕಾರ್ಡಿನಲ್ಸ್, ರಾಯಲ್ಸ್, ಟ್ವಿನ್ಸ್, ಬ್ರೂವರ್ಸ್. ಪ್ರದೇಶದ ಒಳಗಿನ ಪ್ರಸಾರ ಹಕ್ಕು ಸ್ಥಳೀಯ ಕೇಬಲ್ ಚಾನೆಲ್‌ಗೆ ಮಾರಿರ್ತಾರೆ, ಹಾಗಾಗಿ ಎಲ್ಲ ಆಟ ತೋರಿಸ್ತೀವಿ ಅನ್ನೋ ನ್ಯಾಷನಲ್ ಪ್ಯಾಕೇಜ್‌ನಲ್ಲಿ ಆ ತಂಡಗಳ ಆಟ ಇಲ್ಲಿ ಬ್ಲ್ಯಾಕೌಟ್. ದಿನಕ್ಕೆ 15 ಆಟ ಇದ್ರೆ ಅದ್ರಲ್ಲಿ ಆರರವರೆಗೂ ಕಪ್ಪು ಪರದೆ. ಡೆ ಮೊಯಿನ್‌ನಿಂದ ಮಿಲ್ವಾಕಿಗೆ ಕಾರಲ್ಲಿ ಐದು ಗಂಟೆ ಮೇಲಾಗುತ್ತೆ, ಸ್ಟೇಡಿಯಂಗೆ ಜನ ಬರ್ಲಿ ಅಂತ ಟಿವಿಲಿ ತಡೆಯೋದು ಅನ್ನೋ ಹಳೇ ವಾದ ಇಲ್ಲಿ ಹೇಗೆ ಒಪ್ಪೋದು? ನಾನೂ ಒಂದು ವರ್ಷ ಅಂಥ ಒಂದು ಸೇವೆಗೆ ಇಡೀ ಸೀಸನ್ ದುಡ್ಡು ಕಟ್ಟಿ, ಮೊದಲ ರಾತ್ರಿ ಮಗನ್ನ ಪಕ್ಕ ಕೂರಿಸ್ಕೊಂಡು ಅವನಿಷ್ಟದ ಕಬ್ಸ್ ಆಟ ಒತ್ತಿದ್ರೆ ನಿಮ್ಮ ಪ್ರದೇಶದಲ್ಲಿ ಲಭ್ಯ ಇಲ್ಲ ಅಂತ ಬಂತು. ಅವನಿಗಾಗ ಏಳು ವರ್ಷ. "ನಾವು ಶಿಕಾಗೋದಲ್ಲಿ ಇಲ್ವಲ್ಲಪ್ಪ" ಅಂದ. ಇದನ್ನ ಕೋರ್ಟಿಗೂ ತಗೊಂಡು ಹೋದ್ರು ಅಭಿಮಾನಿಗಳು, 2012ರಲ್ಲಿ ಹಾಕಿದ ಕೇಸು 2016ರಲ್ಲಿ ರಾಜಿ ಆಯ್ತು, ಪ್ಯಾಕೇಜ್ ಬೆಲೆ ಇಳೀತು, ಒಂದೇ ತಂಡದ ಪ್ಯಾಕೇಜ್ ಬಂತು, ಸ್ಥಳೀಯ ಬ್ಲ್ಯಾಕೌಟ್ ಮಾತ್ರ ಹಾಗೇ ಉಳೀತು. 2021ರ ಆಗಸ್ಟ್ 12ಕ್ಕೆ ನಮ್ಮ ಡೈಯರ್ಸ್‌ವಿಲ್‌ನ ಜೋಳದ ಹೊಲದ ಮಧ್ಯೆ ಮೈದಾನ ಕಟ್ಟಿ ಯಾಂಕೀಸ್ ಮತ್ತೆ ವೈಟ್ ಸಾಕ್ಸ್ ಆಡಿದ್ರು, ಅಯೋವಾದಲ್ಲಿ ದೊಡ್ಡ ಲೀಗ್‌ನ ಮೊದಲ ಆಟ, ಜೋಳದ ತೆನೆ ಮಧ್ಯದಿಂದ ಆಟಗಾರರು ನಡ್ಕೊಂಡು ಬಂದ್ರು, ದೇಶಕ್ಕೆಲ್ಲ ತೋರಿಸಿದ್ರು, 9-8ಕ್ಕೆ ಕೊನೇ ಹೊಡೆತದಲ್ಲಿ ವೈಟ್ ಸಾಕ್ಸ್ ಗೆದ್ರು. ನಮ್ಮ ಹೊಲ ಬೇಕು, ಆದ್ರೆ ಬ್ಲ್ಯಾಕೌಟ್ ನಕ್ಷೆ ಇದ್ದ ಹಾಗೇ ಇರ್ಬೇಕು. ನನಗೆ ಅದು ತುಂಬಾ ನೋವಾಯ್ತು.

ಕೇಬಲ್ ಬಿಡೋರು ಜಾಸ್ತಿ ಆಗಿ ಆ ಸ್ಥಳೀಯ ಚಾನೆಲ್‌ಗಳೂ ಈಗ ನಿಲ್ತಿಲ್ಲ, ಅಂಥವು ಹತ್ತಾರು ನಡೆಸ್ತಿದ್ದ ಡೈಮಂಡ್ ಸ್ಪೋರ್ಟ್ಸ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕ್ತು, ಅದೇ ವರ್ಷ ಸ್ಯಾನ್ ಡಿಯಾಗೊ ತಂಡ ಪಾಡ್ರೆಸ್ ಆಟಗಳನ್ನ ಲೀಗೇ ವಹಿಸಿಕೊಳ್ತು. ಕೆಲವು ತಂಡಗಳು ಈಗ ನೇರವಾಗಿ ನಮಗೇ ಮಾರ್ತಾವೆ, ಒಳ್ಳೇದೇ, ಆದ್ರೆ ಒಂದೊಂದಕ್ಕೂ ಬೇರೆ ಬೇರೆ ಚಂದಾ. ಅದರ ಮೇಲೆ ಶುಕ್ರವಾರದ್ದು ಒಂದು ಕಡೆ, ಭಾನುವಾರದ್ದು ಇನ್ನೊಂದು ಕಡೆ. 2022ರ ಸೆಪ್ಟೆಂಬರ್‌ನಲ್ಲಿ ಯಾಂಕೀಸ್‌ನ ಆರನ್ ಜಡ್ಜ್ 60 ಹೋಮ್ ರನ್ ಹೊಡೆದು ನಿಂತಿದ್ದ, ಇನ್ನೊಂದು ಹೊಡೆದ್ರೆ ರೋಜರ್ ಮ್ಯಾರಿಸ್‌ನ 1961ರ ಅಮೆರಿಕನ್ ಲೀಗ್ ದಾಖಲೆಗೆ ಸಮ, ಆ ಶುಕ್ರವಾರದ ಆಟ ಆಪಲ್ ಟಿವಿಗೆ ಮಾತ್ರ ಸೇರಿತ್ತು. ಇಡೀ ವರ್ಷ ಅವನ ಒಂದೊಂದು ಹೊಡೆತಕ್ಕೂ ದನಿ ಕೊಟ್ಟಿದ್ದ ನ್ಯೂಯಾರ್ಕಿನ ಕಾಮೆಂಟೇಟರ್‌ಗಳು ಆ ರಾತ್ರಿ ಟಿವಿಲಿ ಇರಲಿಲ್ಲ. ಪುಣ್ಯಕ್ಕೆ ಅವತ್ತು ಹೊಡೀಲಿಲ್ಲ, ಐದು ದಿನ ಆದ್ಮೇಲೆ ಟೊರಾಂಟೊದಲ್ಲಿ ಹೊಡೆದ.

ಹೊತ್ತಿನ ವಿಷಯ ಒಂದೇ ಮಾತಲ್ಲಿ ಮುಗಿಸ್ತೀನಿ. ವರ್ಲ್ಡ್ ಸೀರೀಸ್ ಆಟ ಹಗಲು ಹೊತ್ತಲ್ಲಿ ನಡೆದಿದ್ದು 1987ರಲ್ಲೇ ಕೊನೆ. ಈಗ ಪೂರ್ವದ ಕಡೆ ರಾತ್ರಿ ಎಂಟರ ಮೇಲೆ ಶುರು. 2018ರ ಮೂರನೇ ಆಟ 18 ಇನ್ನಿಂಗ್ಸ್, 7 ಗಂಟೆ 20 ನಿಮಿಷ, ಮುಗಿಯುವಾಗ ಬಾಸ್ಟನ್‌ನಲ್ಲಿ ಬೆಳಗಿನ ಜಾವ ಮೂರೂವರೆ. ಯಾವ ಮಗು ನೋಡಿರುತ್ತೆ? ಬೇಸ್‌ಬಾಲ್‌ಗೆ ಹೊಸ ಮಕ್ಕಳು ಬರ್ತಿಲ್ಲ ಅಂತ ಇವರೇ ಕೊರಗ್ತಾರೆ.

ನಾನು ಕೇಳೋದು ಕಷ್ಟದ್ದೇನಲ್ಲ. ಹೋಮ್ ಪ್ಲೇಟ್ ಹಿಂದೆ ಎತ್ತರದಲ್ಲಿ ಒಂದು ಕ್ಯಾಮೆರಾ ಹೇಗೂ ಇರುತ್ತೆ, ಇಡೀ ಮೈದಾನ ಕಾಣೋದು. ಚೆಂಡು ಹೊಡೆದ ಕೂಡ್ಲೇ ಅದಕ್ಕೆ ಹೋಗಿ, ಆಟ ಮುಗಿಯೋವರೆಗೂ ಅಲ್ಲೇ ಇರಿ, ಹತ್ತಿರದ್ದೆಲ್ಲ ರೀಪ್ಲೇಲಿ ತೋರಿಸಿ. ಇವತ್ತಿನ ಟಿವಿ ಪರದೆ ಎಷ್ಟು ದೊಡ್ಡದು, ಎಷ್ಟು ಸ್ಪಷ್ಟ, 1939ರ ಆ ಪುಟ್ಟ ಡಬ್ಬಿಲಿ ಚೆಂಡೇ ಕಾಣದೆ ಇದ್ದಾಗ ಹತ್ತಿರ ಹೋಗೋದಕ್ಕೆ ಕಾರಣ ಇತ್ತು, ಈಗ ಇಲ್ಲ. ಸ್ಟ್ರೀಮಿಂಗ್‌ನವರಾದ್ರೆ ಅದನ್ನೇ ಬೇರೆ ಚಾನೆಲ್ ಆಗಿ ಕೊಡ್ಬಹುದು, ಬೇಕಾದೋರು ಒತ್ಕೊಂಡು ನೋಡ್ತಾರೆ.

ನಾವು ಮನೆಯಲ್ಲಿ ಏನು ಮಾಡ್ತೀವಿ ಅಂತ ಹೇಳ್ತೀನಿ, ನೀವೂ ಮಾಡಿ ನೋಡಿ. ಟಿವಿ ದನಿ ಪೂರ್ತಿ ಆಫ್ ಮಾಡಿ ರೇಡಿಯೋ ಹಾಕ್ತೀವಿ. ರೇಡಿಯೋದವನು ಎಲ್ಲ ಹೇಳ್ಬೇಕು, ಅವನಿಗೆ ಬೇರೆ ದಾರಿ ಇಲ್ಲ, ರನ್ನರ್ ಎಲ್ಲಿದ್ದಾನೆ, ಔಟ್‌ಫೀಲ್ಡ್ ಎಷ್ಟು ಒಳಗೆ ಬಂದಿದೆ, ಬದಲಿ ಪಿಚರ್‌ಗಳು ಕಾಯೋ ಬುಲ್‌ಪೆನ್‌ನಲ್ಲಿ ಯಾರು ಎದ್ರು. ಒಂದೇ ತೊಂದರೆ, ಸ್ಟ್ರೀಮಿಂಗ್ ಹಿಂದೆ ಬೀಳುತ್ತೆ, ಟಿವಿಲಿ ಪಿಚರ್ ಇನ್ನೂ ಕೈ ಎತ್ತಿರಲ್ಲ, ರೇಡಿಯೋದಲ್ಲಿ ಆಗ್ಲೇ ರನ್ನರ್ ಥರ್ಡ್ ದಾಟಿರ್ತಾನೆ. ಮೊದಮೊದಲು ಎರಡನ್ನೂ ಹೊಂದಿಸಕ್ಕೆ ಒದ್ದಾಡ್ತಿದ್ದೆ. ಈಗ ಮಗ ಹೊಂದಿಸ್ಬೇಡ ಅಂತಾನೆ. ರೇಡಿಯೋ ಕೇಳಿ ಒಂದು ಹಾಳೆ ಮೇಲೆ ಡೈಮಂಡ್, ಅಂದ್ರೆ ನಾಲ್ಕು ಬೇಸ್‌ಗಳ ಚೌಕ ಬರೆದು ಯಾರು ಎಲ್ಲಿ ಓಡಿದ್ರು ಅಂತ ಪೆನ್ಸಿಲಲ್ಲಿ ಗೆರೆ ಎಳೀತಾನೆ, ಆಮೇಲೆ ತಲೆ ಎತ್ತಿ ಟಿವಿ ನೋಡ್ತಾನೆ, ತಾನು ಬರೆದಿದ್ದರಲ್ಲಿ ಅವರು ಎಷ್ಟು ತೋರಿಸಿದ್ರು ಅಂತ.